ಆದರಕ್ಕನ ದಂಡೆ

ಮಾರ್ಚ್ ೪, ಮಂಗಳವಾರ

ನೀರು ಪರೀಕ್ಷೆಯ ಲ್ಯಾಬ್‌ಗೆ ಇಂದು ಬೀಗ ಬಿತ್ತು. ಯಂತ್ರಗಳನ್ನು ಮುಖ್ಯ ಕಚೇರಿಗೆ ಸಾಗಿಸಿದರು, ನನ್ನನ್ನು ತರಬೇತಿ ವಿಭಾಗಕ್ಕೆ. ಯಂತ್ರಗಳಿಗಾದರೂ ಹಳೇ ಕಂಬಳಿ ಸುತ್ತಿ ಜೋಪಾನವಾಗಿ ಲಾರಿ ಹತ್ತಿಸಿದರು. ನನಗೆ ಮ್ಯಾನೇಜರ್ ನಿಂತ ಕಾಲಲ್ಲೇ ಹೇಳಿ ಮುಗಿಸಿದರು: "ಗುರುವಾರದಿಂದ ಹಳ್ಳದ ತರಬೇತಿ ನೀವೇ ನಡೆಸಿ. ಸ್ಲೈಡ್ ಎಲ್ಲಾ ರೆಡಿ ಇದೆ, ಓದಿದ್ರೆ ಸಾಕು."

ಇಷ್ಟು ವರ್ಷ ಬಾಟಲಿಗಳ ಜೊತೆ ಬಾಳಿದವಳು ನಾನು. ಬಾಟಲಿ ಎದುರು ವಾದಿಸುವುದಿಲ್ಲ, ಆಕಳಿಸುವುದಿಲ್ಲ, ಮಧ್ಯೆ ಎದ್ದು ಹೋಗುವುದಿಲ್ಲ.

ಯೋಜನೆ ಇಷ್ಟೇ. ಹಳ್ಳದ ಅಕ್ಕಪಕ್ಕ ಹೊಲ ಇರುವವರೆಲ್ಲ ವಾರಕ್ಕೊಮ್ಮೆ ತರಬೇತಿಗೆ ಬರಬೇಕು. ದಂಡೆಯುದ್ದಕ್ಕೂ ಹತ್ತು ಮೀಟರ್ ಅಗಲ ಉಳದೆ ಬಿಟ್ಟು ಹುಲ್ಲು, ಮರ ಬೆಳೆಸಬೇಕು. ದನ ನೀರಿಗೆ ಇಳಿಯದಂತೆ ಬೇಲಿ ಹಾಕಬೇಕು. ಮಣ್ಣು, ಗೊಬ್ಬರ, ಔಷಧಿ ಹಳ್ಳಕ್ಕೆ ಇಳಿಯಬಾರದು. ಕೊನೆಯ ತರಗತಿಗೆ ನಿರ್ದೇಶಕರು ಬರುತ್ತಾರೆ. ಎಲ್ಲರೂ ಕೈ ಎತ್ತಿ ಒಪ್ಪಿದರೆ ಸಸಿ, ಬೇಲಿ ಕಂಬ ಕಚೇರಿಯದ್ದು. ಒಬ್ಬರು ಒಪ್ಪದಿದ್ದರೂ ಈ ಹಳ್ಳಕ್ಕೆ ಏನೂ ಇಲ್ಲ.

ಮನೆಗೆ ಬಂದರೆ ಇವರು. ಬಸ್ ಕಂಡಕ್ಟರ್, ದಿನವಿಡೀ ನೂರಾರು ಜನರೊಡನೆ ಮಾತಾಡಿ ರೂಢಿಯಾದ ಬಾಯಿ. ನೀರಿನ ಟ್ಯಾಂಕ್ ತೊಳೆಯಲು ಹೋಗಿ ಏಣಿಯಿಂದ ಜಾರಿದಾಗಿನಿಂದ ಕಾಲಿಗೆ ಪ್ಲಾಸ್ಟರ್, ಕಣ್ಣು ಕಿಟಕಿಗೆ. ನಾನು ಬಾಗಿಲು ದಾಟುವ ಮೊದಲೇ ಎದುರು ಮನೆಯ ನಾಯಿಯಿಂದ ಹಿಡಿದು ಎಲ್ಲರ ಸುದ್ದಿ ಶುರು. ಕಿವಿಗೆ ಹತ್ತಿ ಇಟ್ಟುಕೊಳ್ಳಬೇಕು ಅನ್ನಿಸುತ್ತದೆ.

ಮಾರ್ಚ್ ೬, ಗುರುವಾರ

ಮೊದಲ ತರಗತಿ. ಹಾಲು ಸೊಸೈಟಿಯ ಮಹಡಿ. ಕೆಳಗೆ ಕ್ಯಾನುಗಳ ಸದ್ದು, ಮೇಲೆ ಹುಳಿ ವಾಸನೆ. ಕಿಟಕಿಗೆ ಪರದೆ ಇಲ್ಲ. ಸವೆದ ದಂಡೆಯ ಚಿತ್ರ ಹಾಕಿ "ಇಲ್ಲಿ ನೋಡಿ" ಎಂದೆ. ಬಿಸಿಲಿನ ಬೆಳಕಿಗೆ ಎಲ್ಲರಿಗೂ ಕಂಡದ್ದು ಸುಣ್ಣ ಬಳಿದ ಗೋಡೆ. ಹಿಂದಿನ ಸಾಲಿನವರು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರು.

ಮುಂದಿನ ಸಾಲಿನಲ್ಲಿ ಹಳ್ಳದ ಮೇಲ್ಭಾಗದ ದೊಡ್ಡ ಜಮೀನಿನ ಯಜಮಾನರು. ಅವರ ಕಬ್ಬಿಣದ ಗೇಟು ಬಹು ದೂರದಿಂದಲೇ ಕಾಣುವುದರಿಂದ ಎಲ್ಲರೂ ಅವರನ್ನು ಗೇಟಿನವರು ಅನ್ನುತ್ತಾರೆ. ಎಂಥ ಸಜ್ಜನಿಕೆ! ನಾನು ಹೇಳಿದ್ದಕ್ಕೆಲ್ಲ "ಖಂಡಿತ ಮೇಡಂ, ಖಂಡಿತ." ಚಹಾ, ಬಿಸ್ಕತ್ತು ಕೂಡ ಅವರ ಮನೆಯಿಂದಲೇ ಬಂತು.

ಮೂಲೆಯಲ್ಲಿ ಒಬ್ಬಳು ಹೆಂಗಸು. ಮೊಣಕೈವರೆಗೆ ಮಡಿಸಿದ ಗಂಡಸಿನ ಅಂಗಿ, ಉಗುರಿನಲ್ಲಿ ಮಣ್ಣು. ಪ್ರತಿ ಸ್ಲೈಡಿಗೂ ಅವಳದೊಂದು ಕೈ.

"ಆದ್ರೆ ಮೇಡಂ, ಹತ್ತು ಮೀಟರ್ ಎಲ್ಲಿಂದ ಅಳೆಯೋದು? ಬೇಸಿಗೆ ನೀರಿಂದಲೋ, ಮಳೆಗಾಲದ ನೀರಿಂದಲೋ?"

"ಆದ್ರೆ ಮೇಡಂ, ಮರದ ನೆರಳು ಬಿದ್ರೆ ಬೀನ್ಸ್ ಹೂ ಬಿಡುತ್ತಾ?"

"ಆದ್ರೆ ಮೇಡಂ, ದನಕ್ಕೆ ತೊಟ್ಟಿ ಕಟ್ಟಿಸ್ತೀರಿ ಸರಿ, ತೊಟ್ಟಿಗೆ ನೀರು ಹೊತ್ತು ಹಾಕೋರ್ಯಾರು, ನೀವಾ?"

ಸಭೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಈ ಚಾಳಿಗೇ ಅವಳಿಗೆ ಆದರಕ್ಕ ಎಂದು ಹೆಸರು ಬಿದ್ದಿದೆಯಂತೆ. ಆದರದ ಗಾಳಿಯೂ ಸೋಕದವಳಿಗೆ!

ಸಂಜೆ ಇವರಿಗೆ ಹೇಳಿದೆ. "ಟಿಕೆಟ್ ತಗೊಳ್ಳೋ ಮುಂಚೆ ಬಸ್ಸು ಎಲ್ಲೆಲ್ಲಿ ನಿಲ್ಲುತ್ತೆ ಅಂತ ಕೇಳೋ ಪ್ಯಾಸೆಂಜರ್ ಅವಳು" ಎಂದರು. ಮುಂದೆ ಇನ್ನೂ ಏನೋ ಹೇಳುತ್ತಿದ್ದರು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಮಾರ್ಚ್ ೧೩, ಗುರುವಾರ

ಮನೆಯ ಹಾಸಿಗೆ ಹೊದಿಕೆಗಳನ್ನು ಹೊತ್ತೊಯ್ದು ಕಿಟಕಿಗಳಿಗೆ ಮೊಳೆ ಹೊಡೆದೆ. ಕತ್ತಲಾಯಿತು, ಚಿತ್ರ ಚೆನ್ನಾಗಿ ಕಂಡಿತು, ಅರ್ಧ ಸಭೆ ನಿದ್ದೆ ಹೋಯಿತು. ಗೊರಕೆಯ ನಡುವೆ ಕಣ್ಣು ಬಿಟ್ಟುಕೊಂಡು ಕೂತಿದ್ದವಳು ಅವಳೊಬ್ಬಳೇ.

"ಗೇಟಿನವರ ಜಮೀನಿಗೆ ಹಳ್ಳ ಅಡ್ಡ ಹಾಯುತ್ತೆ. ನನ್ನ ಹೊಲಕ್ಕೆ ಉದ್ದಕ್ಕೆ ಹರಿಯುತ್ತೆ. ಇಬ್ಬರಿಗೂ ಹತ್ತು ಮೀಟರಾ?"

"ನಿಯಮ ಎಲ್ಲರಿಗೂ ಒಂದೇ" ಎಂದೆ.

"ನಿಯಮಕ್ಕೇನು ಮೇಡಂ, ಅದಕ್ಕೆ ಊಟ ಬೇಕಾಗಿಲ್ಲ."

ಮಲಗಿದ್ದವರೆಲ್ಲ ಎದ್ದು ನಕ್ಕರು. ನನ್ನ ಮುಖ ಕೆಂಡವಾಯಿತು. ಆಮೇಲೆ ಗೇಟಿನವರು ಹತ್ತಿರ ಬಂದು ಸಮಾಧಾನ ಹೇಳಿದರು: "ಮನಸ್ಸಿಗೆ ಹಚ್ಕೋಬೇಡಿ, ಅವಳ ಸ್ವಭಾವವೇ ಅಷ್ಟು." ಇಂಥವರು ಇನ್ನು ನಾಲ್ಕು ಜನ ಇದ್ದಿದ್ದರೆ!

ಮಾರ್ಚ್ ೧೪, ಶುಕ್ರವಾರ

ಮ್ಯಾನೇಜರ್: "ಆ ಹೆಂಗಸನ್ನ ಹೇಗಾದ್ರೂ ದಾರಿಗೆ ತನ್ನಿ. ಒಂದು ಕೈ ಕಡಿಮೆ ಆದ್ರೂ ನಿರ್ದೇಶಕರ ಮುಂದೆ ನನ್ನ ಮರ್ಯಾದೆ ಹೋಗುತ್ತೆ."

ನನ್ನ ಮರ್ಯಾದೆ ವಾರವಾರ ಹೋಗುತ್ತಿರುವುದನ್ನು ಕೇಳುವವರಿಲ್ಲ.

ಮಾರ್ಚ್ ೧೯, ಬುಧವಾರ

ನಾಳೆಯದಕ್ಕೆ ಮನೆಯಲ್ಲೇ ಅಭ್ಯಾಸ. ಇವರು ತಲೆಗೆ ಟವೆಲ್ ಸುತ್ತಿ ಆದರಕ್ಕನಾದರು. ನಾನು ಬಾಯಿ ತೆರೆದರೆ ಸಾಕು, "ಆದ್ರೆ ಮೇಡಂ!" ಮೊದಲು ನಗು ಬಂತು. ಆಮೇಲೆ ಇವರು, "ಬೇಲಿ ಹಾಕಿದ್ಮೇಲೆ ಆಚೆ ದಂಡೆಗೆ ನಾನು ಹೇಗೆ ಹೋಗೋದು?" ಎಂದು ಕೇಳಿದಾಗ ಸ್ಲೈಡುಗಳನ್ನೆಲ್ಲ ತಿರುವಿ ನೋಡಿದೆ. ಎಲ್ಲೂ ಇಲ್ಲ. ಸಿಟ್ಟು ಬಂದು ಎದ್ದು ಪಾತ್ರೆ ತೊಳೆದೆ, ತೊಳೆದದ್ದನ್ನೇ ಮತ್ತೆ ತೊಳೆದೆ.

ಮಾರ್ಚ್ ೨೦, ಗುರುವಾರ

ಕುರ್ಚಿಗಳು ಬಂದಿದ್ದವು, ಜನ ಬರಲಿಲ್ಲ. ಕೋಸು ಕೊಯ್ಲಂತೆ. ಗೇಟಿನವರು ಬಿಸ್ಕತ್ತು ಕಳಿಸಿದ್ದರು, ತಾವು ಬಂದಿರಲಿಲ್ಲ.

ಅವಳು ಬಂದಿದ್ದಳು.

"ಯಾರೂ ಇಲ್ಲವಲ್ಲಾ" ಎಂದೆ.

"ನಾನು ಕೂತಿರೋದು ಕಾಣಿಸ್ತಿಲ್ವಾ? ಶುರು ಮಾಡಿ."

ಒಬ್ಬಳಿಗೋಸ್ಕರ ಪೂರ್ತಿ ಪಾಠ ಮಾಡಿದೆ. ಹಟಕ್ಕೆ ಬಿದ್ದು ಮಾಡಿದೆ. ಬೇರು ಮಣ್ಣನ್ನು ಹೇಗೆ ಹಿಡಿಯುತ್ತದೆ ಎಂಬ ಚಿತ್ರವನ್ನು ಎರಡು ಸಲ ಹಾಕಿಸಿಕೊಂಡಳು. ಕೊನೆಗೆ, "ಒಂದ್ಸಲ ನಮ್ಮ ಹೊಲಕ್ಕೆ ಬನ್ನಿ. ಕಣ್ಣಲ್ಲಿ ನೋಡದೆ ಇಷ್ಟು ಬಿಡಿ, ಅಷ್ಟು ಬಿಡಿ ಅಂತ ಹೇಗೆ ಹೇಳ್ತೀರಿ?" ಎಂದಳು.

ಹೋಗುತ್ತೇನೆ. ಅವಳ ಅಂಗಳದಲ್ಲೇ ನಿಂತು ಒಪ್ಪಿಸಿ ಬರುತ್ತೇನೆ.

ಮಾರ್ಚ್ ೨೩, ಭಾನುವಾರ

ಒಪ್ಪಿಸಲು ಹೋದವಳ ಕಾಲು ಪೂರ್ತಿ ಕೆಸರು.

ಹೊಲ ನಡುಕಟ್ಟಿನ ಪಟ್ಟಿಯಂತೆ ಉದ್ದ, ಸಣ್ಣ. ನಡುವೆ ಹಳ್ಳ. ಒಂದು ಕಡೆ ದಂಡೆ ಕಡಿದು, ಬೇರುಗಳು ಗಾಳಿಯಲ್ಲಿ ಜೋತು ಬಿದ್ದಿವೆ. ಹೋದ ಮಳೆಗಾಲ ಅಲ್ಲಿ ಒಂದು ಸಾಲು ಮೆಕ್ಕೆಜೋಳ ಮಣ್ಣಿನ ಸಮೇತ ನೀರಿಗೆ ಬಿತ್ತಂತೆ. ಇನ್ನೊಂದು ಕಡೆ ಸಮತಟ್ಟು, ಬೀನ್ಸ್ ಚಪ್ಪರ. ಹತ್ತು ಮೀಟರ್ ಅಳೆದು ಎರಡೂ ಕಡೆ ಗೂಟ ಹೊಡೆದೆವು. ಗೂಟದ ಆಚೆ ಉಳಿದದ್ದನ್ನು ನೋಡಿ ನಾನು ಟೇಪನ್ನು ಇನ್ನೊಮ್ಮೆ ಎಳೆದೆ. ಟೇಪು ಸರಿಯಾಗಿಯೇ ಇತ್ತು.

ಅವಳ ಮೈದುನ ಪಂಪಿನ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ. "ಹತ್ತು ಮೀಟರ್ ಬಿಡ್ಲೇಬೇಕು ಅಂತ ಜೋರಾಗಿ ಹೇಳಿ ಮೇಡಂ" ಎಂದ. ಸದ್ಯ, ಇಲ್ಲೊಬ್ಬ ನಮ್ಮವನಿದ್ದಾನೆ ಅಂದುಕೊಂಡೆ.

ಅಡುಗೆಮನೆಯಲ್ಲಿ ಚಹಾ ಸೋಸುತ್ತ ಆದರಕ್ಕ ಹೇಳಿದ್ದು ಬೇರೆ. ಗಂಡ ಹೋದ ಮೇಲೆ ಹೊಲ ಅವಳಿಗೂ ಮೈದುನನಿಗೂ ಜಂಟಿ. ಮೈದುನನಿಗೆ ಗೇಟಿನವರಿಗೆ ಮಾರಿ ಪೇಟೆ ಸೇರುವ ಆಸೆ. "ಉಳಿದಿದ್ದು ಉಳೋಕೂ ಸಾಲಲ್ಲ ಅಂತಾದ್ರೆ ನಾನು ಮಾರೋದು ಬೇಡ ಅನ್ನೋದು ಯಾವ ಬಾಯಲ್ಲಿ? ಇದು ಬಿಟ್ರೆ ನನಗೆ ಬೇರೆ ಕೆಲಸ ಬರಲ್ಲ ಮೇಡಂ."

ಆಗ ನನ್ನ ಬಾಯಿಂದ ಬಂತು: "ಸುಮ್ನೆ ಕೈ ಎತ್ತಿಬಿಡಿ. ಆಮೇಲೆ ಯಾರು ಬಂದು ಅಳೀತಾರೆ?"

ಅವರು ಸೋಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ಕೈ ಎತ್ತಿದ್ಮೇಲೆ ಮಾಡ್ಬೇಕಲ್ವಾ ಮೇಡಂ?"

ಹಾಗಂತ ಆದರಕ್ಕ ತಪ್ಪೇನೂ ಇಲ್ಲದವರಲ್ಲ. ಸಗಣಿ ಗುಡ್ಡೆ ಹಳ್ಳದ ತುಟಿಯ ಮೇಲೇ ಇದೆ, ಮಳೆ ಬಂದರೆ ಗಂಜಲವೆಲ್ಲ ನೀರಿಗೆ. ತೋರಿಸಿದ್ದಕ್ಕೆ, ಗಾಳಿ ಆ ಕಡೆ ಬೀಸುತ್ತದೆ, ದಾರಿ ಈ ಕಡೆ ಇದೆ, ಅತ್ತೆ ಕಾಲದಿಂದ ಅಲ್ಲೇ ಇದೆ ಎಂದು ವಾದಿಸಿ ನನ್ನ ಗಂಟಲು ಒಣಗಿಸಿದರು. ಜಗಳಗಂಟಿ.

ಮಾರ್ಚ್ ೨೭, ಗುರುವಾರ

ಕರೆಂಟ್ ಇರಲಿಲ್ಲ, ಸ್ಲೈಡ್ ಇಲ್ಲ. ಮಾತು ಶುರುವಾದದ್ದೇ ಹಳ್ಳದ ಮೇಲಿನವರಿಗೂ ಕೆಳಗಿನವರಿಗೂ ಜಗಳ ಹತ್ತಿಕೊಂಡಿತು. ಕೆಳಗಿನವರ ಕಾಲುವೆಗೆ ಹೂಳು ತುಂಬಿದ್ದು ಯಾರಿಂದ, ಯಾರ ದನ ಯಾರ ನೀರು ಕಲಕಿತು. ಒಬ್ಬ ಟೋಪಿ ನೆಲಕ್ಕೆ ಎಸೆದು ಹೊರಟೇ ಹೋದ. ಒಂದು ಚೂರೂ ಪಾಠ ಮಾಡಲಾಗಲಿಲ್ಲ. ಆದರೆ ಯಾರೂ ಮಲಗಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಇವರಿಗೆ ಎಲ್ಲ ಹೇಳಿದೆ. ಇವರು ಒಬ್ಬೊಬ್ಬರ ಬಗ್ಗೆಯೂ ಕೇಳಿದರು. "ಟೋಪಿ ಎತ್ಕೊಂಡು ಹೋದ್ನಾ, ಅಲ್ಲೇ ಬಿಟ್ಟು ಹೋದ್ನಾ?" ಅಲ್ಲೇ ಬಿಟ್ಟಿದ್ದ. "ಹಾಗಾದ್ರೆ ಮುಂದಿನ ವಾರ ಬರ್ತಾನೆ" ಎಂದರು. ಬಸ್ಸಿನಲ್ಲಿ ಕಲಿತ ಶಾಸ್ತ್ರ.

ಏಪ್ರಿಲ್ ೩, ಗುರುವಾರ

ಟೋಪಿಯವನು ಬಂದ. ಗೇಟಿನವರೂ ಬಂದು ಮೂರು ಸಲ ಖಂಡಿತ ಎಂದು ಬೇಗ ಎದ್ದರು.

ವಾಪಸು ಹೋಗುವಾಗ ಅವರ ಜಮೀನಿನ ಸೇತುವೆ ಮೇಲೆ ಗಾಡಿ ನಿಲ್ಲಿಸಿದೆ. ಇಳಿಜಾರನ್ನು ನೀರಿನ ಅಂಚಿನವರೆಗೂ ಹೊಸದಾಗಿ ಉತ್ತಿದ್ದರು. ಕೆಳಗೆ ಟ್ರ್ಯಾಕ್ಟರ್ ಹಳ್ಳಕ್ಕೆ ಇಳಿದು ನಿಂತಿತ್ತು, ಆಳು ಔಷಧಿ ಹೊಡೆಯುವ ಡ್ರಮ್ಮನ್ನು ಅಲ್ಲೇ ತೊಳೆಯುತ್ತಿದ್ದ. ಬಿಳಿ ನೊರೆ ಕಲ್ಲುಗಳ ಸಂದಿಯಲ್ಲಿ ಸುತ್ತುತ್ತ ಕೆಳಕ್ಕೆ ಹೋಯಿತು, ಆದರಕ್ಕನ ದನ ನೀರು ಕುಡಿಯುವ ಕಡೆಗೆ. ಪಕ್ಕದಲ್ಲೇ ನಿಂತಿದ್ದ ಗೇಟಿನವರು ನನ್ನನ್ನು ಕಂಡು ಕೈ ಬೀಸಿದರು. "ಚಹಾ ಕುಡ್ಕೊಂಡು ಹೋಗಿ ಮೇಡಂ!"

ಮುಚ್ಚಿಡುವ ಪ್ರಯತ್ನವನ್ನೂ ಮಾಡಲಿಲ್ಲ. ಅದೇ ನನ್ನ ಹೊಟ್ಟೆ ಉರಿಸಿದ್ದು. ನಾನು ಹೇಳಿದ್ದು ಅವರ ಕಿವಿಯ ಹೊರಗೇ ನಿಂತಿತ್ತು ಇಷ್ಟು ದಿನ.

ಮ್ಯಾನೇಜರ್‌ಗೆ ಫೋನ್ ಮಾಡಿದೆ.

"ಅವರು ಕೈ ಎತ್ತುತ್ತಾರಾ?"

"ಎತ್ತುತ್ತಾರೆ. ಆದರೆ ಸರ್..."

"ಮತ್ತೇನು?" ಎಂದು ಫೋನ್ ಇಟ್ಟರು.

ಏಪ್ರಿಲ್ ೧೦, ಗುರುವಾರ

ಎಲ್ಲವೂ ಹಾಳಾಯಿತು. ನಾನೇ ಹಾಳು ಮಾಡಿದೆ ಅನ್ನುತ್ತಾರೆ.

ನಿರ್ದೇಶಕರ ಕುರ್ಚಿಗೆ ಬಿಳಿ ಬಟ್ಟೆ ಹೊದಿಸಿದ್ದರು. ಗೇಟಿನವರು ಹೂಗುಚ್ಛ ಕೊಟ್ಟರು. ಮ್ಯಾನೇಜರ್ "ಒಪ್ಪುವವರು ಕೈ ಎತ್ತಿ" ಎಂದರು. ಕೈಗಳು ಎದ್ದವು, ಗೇಟಿನವರದು ಎಲ್ಲಕ್ಕಿಂತ ಎತ್ತರ. ಮೈದುನನೂ ಎತ್ತಿದ. ಆದರಕ್ಕ ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಇಡೀ ಸಭೆ ತಿರುಗಿ ಅವರನ್ನೇ ನೋಡಿತು.

ನಿರ್ದೇಶಕರು ನನಗೆ ಹೇಳಿದರು, "ಇವರಿಗೆ ಅರ್ಥ ಆಗಿಲ್ಲ ಅನ್ಸುತ್ತೆ. ಇನ್ನೊಮ್ಮೆ ವಿವರಿಸಿ."

"ಎಲ್ಲರಿಗಿಂತ ಚೆನ್ನಾಗಿ ಅರ್ಥ ಆಗಿದೆ ಸರ್. ಆದರೆ ಈ ಅಳತೆ ಅವರ ಹೊಲಕ್ಕೆ ಹೊಂದಲ್ಲ. ಕಡಿದಾದ ಕಡೆ ಹತ್ತಕ್ಕಿಂತ ಹೆಚ್ಚೇ ಬೇಕು, ಸಮತಟ್ಟಾದ ಕಡೆ ಒಂದೆರಡು ಸಾಕು. ಮೇಲ್ಗಡೆ ಇಳಿಜಾರಲ್ಲಿ ಇನ್ನೂ ಜಾಸ್ತಿ ಬೇಕು. ಒಬ್ಬೊಬ್ಬರ ಹೊಲಾನೂ ನೋಡಿ ಗೊತ್ತು ಮಾಡೋಣ."

"ಹಾಗಾದ್ರೆ ನಿಯಮ ಅಂತ ಯಾಕಿದೆ?"

"ಆದರೆ ಸರ್, ಈ ಕೈಗಳನ್ನ ನಂಬಿ ಸಸಿ ಕಳಿಸಿದ್ರೆ ಅವು ಸೊಸೈಟಿ ಹಿತ್ತಲಲ್ಲೇ ಒಣಗ್ತವೆ. ಹೋದ ವಾರ ಔಷಧಿ ಡ್ರಮ್ ಹಳ್ಳದಲ್ಲಿ ತೊಳೆಯೋದನ್ನ ನಾನೇ ನೋಡ್ದೆ."

ಯಾರದೆಂದು ಹೇಳಲಿಲ್ಲ. ಗೇಟಿನವರ ಕೈ ಮೆಲ್ಲಗೆ ಇಳಿಯಿತು. ಕೆಳಗೆ ಯಾರೋ ಖಾಲಿ ಕ್ಯಾನ್ ಬೀಳಿಸಿದರು. ನಿರ್ದೇಶಕರು ಗಡಿಯಾರ ನೋಡಿಕೊಂಡು, ಈ ಹಳ್ಳ ಸದ್ಯಕ್ಕೆ ಬೇಡ ಎಂದು ಎದ್ದರು.

ಮೆಟ್ಟಿಲ ಬಳಿ ಆದರಕ್ಕ ಅಡ್ಡ ನಿಂತರು. ಕೃತಜ್ಞತೆ ಹೇಳುತ್ತಾರೆ ಅಂದುಕೊಂಡಿದ್ದೆ, ಹುಚ್ಚಿ ನಾನು.

"ನನ್ನ ಪರ ಮಾತಾಡಿ ಅಂತ ನಾನು ಕೇಳಿದ್ನಾ? ಈಗ ಬೇಲಿ ಕಂಬಾನೂ ಹೋಯ್ತಲ್ಲ!" ಎಂದರು, ತಾವೇ ಕೈ ಎತ್ತದೆ ಕೂತಿದ್ದವರು.

ಏಪ್ರಿಲ್ ೧೧, ಶುಕ್ರವಾರ

ಉಗ್ರಾಣಕ್ಕೆ ವರ್ಗ. ಪೊರಕೆ, ಬಕೆಟ್, ಕಾಲು ಮುರಿದ ಕುರ್ಚಿ.

"ನೀವು ತರಬೇತಿ ಕೊಡೋರೋ ವಕೀಲರೋ?" ಎಂದರು ಮ್ಯಾನೇಜರ್. "ಮಾತೆತ್ತಿದ್ರೆ ಆದರೆ, ಆದರೆ. ಅಂಥವರು ನನಗೆ ಬೇಡ."

ನಾನು ಯಾವಾಗ ಹಾಗಂದೆ?

ಏಪ್ರಿಲ್ ೨೭, ಭಾನುವಾರ

ಆದರಕ್ಕ ಫೋನ್ ಮಾಡಿದ್ದರು. ಹಲೋ ಇಲ್ಲ, ಹೇಗಿದ್ದೀರಿ ಇಲ್ಲ. "ಹುಲ್ಲು ಒಂದು ಬುಡಕ್ಕೂ ಇನ್ನೊಂದಕ್ಕೂ ಎಷ್ಟು ದೂರ ಇಡ್ಬೇಕು?" ಗೇಣಿಗಿಂತ ಕಡಿಮೆ ಎಂದೆ. "ಬಂದು ತೋರಿಸಿ."

ಇವರ ಪ್ಲಾಸ್ಟರ್ ತೆಗೆದು ವಾರವಾಗಿದೆ. ಕೋಲೂರಿಕೊಂಡು ತಾವೂ ಹೊರಟರು; ಆದರಕ್ಕನನ್ನು ನೋಡದೆ ಇನ್ನು ಇರಲಾರೆ ಎಂದರು.

ಅಲ್ಲಿ ಹೋಗಿ ನೋಡಿದರೆ ಆಕೆ ಮಾಡಿಕೊಂಡಿದ್ದ ಏರ್ಪಾಡು ನನ್ನ ತಲೆಗೇ ಬಂದಿರಲಿಲ್ಲ. ಹೊಲವನ್ನು ಪಾಲು ಮಾಡಿಕೊಂಡುಬಿಟ್ಟಿದ್ದರು. ಸಮತಟ್ಟಾದ ಬೀನ್ಸ್ ಕಡೆ ಮೈದುನನಿಗೆ, ಪೂರ್ತಿ. ಕುಸಿಯುವ ಕಡೆ ತನಗೆ. "ಬೀಳು ಬಿಡೋದು ನನ್ನ ಪಾಲಲ್ಲೇ ಬೀಳುತ್ತೆ. ಉಳೋಕೆ ಸಾಲಲ್ಲ ಅಂತ ಹೇಳಿ ಅವನು ಇನ್ನು ಹೇಗೆ ಮಾರ್ತಾನೆ? ಒಳ್ಳೇ ಹೊಲಾನೇ ಕೊಟ್ಟಿದೀನಲ್ಲ."

"ನಿಮಗೆ ಉಳಿದಿದ್ದು ಇಷ್ಟೇ ಅಲ್ವಾ?"

"ಅಷ್ಟೇ. ದನ ಇದಾವೆ. ಹುಲ್ಲು ನೆಡ್ತಾ ಇರೋದೂ ದನಕ್ಕೇ ತಾನೆ. ಕೊಯ್ದು ಹಾಕೋದು."

ರಸ್ತೆ ಚರಂಡಿಯಿಂದ ಕಿತ್ತು ತಂದ ಹುಲ್ಲಿನ ಬುಡಗಳನ್ನು ಸಾಲಾಗಿ ಊರಿದೆವು. ಬೇಲಿಗೆ ಹಳೇ ಮಂಚದ ಕಾಲು, ಸೈಕಲ್ ರಿಮ್ಮು, ಕೈಗೆ ಸಿಕ್ಕಿದ್ದೆಲ್ಲ. ಮೈದುನ ದೂರ ನಿಂತು ನೋಡಿದ. ಬಹಳ ಹೊತ್ತು ನೋಡಿ, "ಆ ಗುಂಡಿ ಆಳ ಸಾಲ್ದು ಅತ್ತಿಗೆ" ಎಂದು ಹಾರೆ ತೆಗೆದುಕೊಂಡ. ಇವರು ನೀರಿಗಿಳಿದ ಹಸುವನ್ನು "ಮುಂದಕ್ಕೆ ಹೋಗಿ, ಮುಂದಕ್ಕೆ ಹೋಗಿ, ಬಾಗಿಲಲ್ಲಿ ನಿಲ್ಬೇಡಿ" ಎಂದು ಅಟ್ಟಿದರು. ಹಸು ಕೇಳಲಿಲ್ಲ.

ಸಗಣಿ ಗುಡ್ಡೆ ಇನ್ನೂ ಅಲ್ಲೇ. ಮುಂದಿನ ವಾರವಂತೆ. ಇದೇ ಮಾತಿಗೆ ನಾನೂ ಅಕ್ಕನೂ ಕೆಸರಲ್ಲಿ ನಿಂತು ಕಿತ್ತಾಡಿದೆವು. ಬೆನ್ನು ಬಿದ್ದುಹೋಗಿದೆ. ಉಗ್ರಾಣದಲ್ಲಿ ನಾಳೆ ಪೊರಕೆ ಎತ್ತಲೂ ಆಗುವುದಿಲ್ಲ.

ಮೇ ೧೮, ಭಾನುವಾರ

ವಾರವಿಡೀ ಮಳೆ ಸುರಿದು ನಿನ್ನೆ ಬಿಟ್ಟಿತು. ಬೆಳಕು ಹರಿಯುತ್ತಲೇ ಇವರನ್ನು ಎಬ್ಬಿಸಿ ಹೋದೆ. ಏನಾಗಿದೆಯೋ ನೋಡದೆ ಕೂರಲಾಗಲಿಲ್ಲ.

ನೆಟ್ಟದ್ದರಲ್ಲಿ ಅರ್ಧ ಕೊಚ್ಚಿಹೋಗಿದೆ. ಉಳಿದದ್ದು ತಲೆ ಬಾಚಿದಂತೆ ಒಂದೇ ಕಡೆ ಮಲಗಿದೆ, ಬುಡದಲ್ಲಿ ಮಣ್ಣು ಹಿಡಿದಿದೆ. ದಂಡೆ ಕುಸಿದಿಲ್ಲ. ಇದನ್ನು ನಾನು ಹೇಳುವಷ್ಟರಲ್ಲಿ ಅಕ್ಕ ಒಳಗಿನಿಂದ ಎರಡು ಗಾಜಿನ ಲೋಟ ತಂದು, ಒಂದನ್ನು ತಮ್ಮ ಹೊಲದ ಮೇಲ್ತುದಿಯಲ್ಲಿ, ಇನ್ನೊಂದನ್ನು ಕೆಳತುದಿಯಲ್ಲಿ ಹಳ್ಳಕ್ಕೆ ಅದ್ದಿ ಕಟ್ಟೆಯ ಮೇಲೆ ಇಟ್ಟರು. ಎರಡೂ ಚಹಾದ ಬಣ್ಣ. ಬೆಳಕಿಗೆ ಹಿಡಿದು ನೋಡಿದೆವು, ತಿರುಗಿಸಿ ನೋಡಿದೆವು.

"ಹಾಗಾದ್ರೆ ಇಷ್ಟೆಲ್ಲಾ ಮಾಡಿದ್ದು ದಂಡಕ್ಕಾ?" ಅಕ್ಕನ ಧ್ವನಿ ಮೊದಲ ಸಲ ಸಣ್ಣದಾಗಿತ್ತು.

"ದಂಡಕ್ಕಲ್ಲ ಅಕ್ಕ. ನಿಮ್ಮ ಮಣ್ಣು ನಿಮ್ಮಲ್ಲೇ ಇದೆ. ಈ ಲೋಟದಲ್ಲಿರೋದು ಮೇಲಿಂದ ಬಂದಿದ್ದು."

ಅವರು ಹಳ್ಳ ಬರುವ ದಿಕ್ಕಿಗೆ ನೋಡಿದರು. ಒಂದು ಲೋಟ ಕೈಗೆ ತೆಗೆದುಕೊಂಡು, ತುಳುಕದಂತೆ ಎದೆಗೆ ಹಿಡಿದು ನಡೆಯತೊಡಗಿದರು. ನಾನು ಹಿಂದೆ ಓಡಿದೆ, ನನ್ನ ಹಿಂದೆ ಇವರು ಕುಂಟುತ್ತ, "ಸ್ವಲ್ಪ ನಿಲ್ರೀ, ನಾನೂ ಬರ್ತೀನಿ" ಎನ್ನುತ್ತ.

ಗೇಟು ಬಡಿದ ಸದ್ದಿಗೆ ಯಜಮಾನರೇ ಮುಖ ಒರೆಸಿಕೊಳ್ಳುತ್ತ ಬಂದರು. "ಏನ್ರಮ್ಮ, ಬೆಳ್‌ಬೆಳಿಗ್ಗೆ? ಒಳಗೆ ಬನ್ನಿ, ಕೂತ್ಕೊಳ್ಳಿ."

ಅಕ್ಕ ಕಂಬಿಯ ಸಂದಿಯಿಂದ ಲೋಟ ನೀಡಿದರು. ಅವರು ಏನೆಂದು ತಿಳಿಯದೆ ತೆಗೆದುಕೊಂಡರು.

"ಏನಿದು?"

"ನಿಮ್ಮ ಹೊಲ" ಎಂದರು ಅಕ್ಕ.

ಅವರು ಲೋಟ ನೋಡಿದರು, ಆಮೇಲೆ ಬಿಡಿಸಿ ಹೇಳಿ ಎನ್ನುವಂತೆ ನನ್ನನ್ನು ನೋಡಿದರು. ಸ್ಲೈಡುಗಳೆಲ್ಲ ನನಗೆ ಬಾಯಿಪಾಠ. ಒಂದೂ ನೆನಪಿಗೆ ಬರಲಿಲ್ಲ.

"ನಾವು ಒಳಗೆ ಬರಲ್ಲ ಯಜಮಾನ್ರೇ" ಎಂದೆ. "ನೀವೇ ಹೊರಗೆ ಬನ್ನಿ. ಹಳ್ಳಕ್ಕೆ ಇಳಿದು ನೋಡೋಣ."

ಅವರಿಗೆ ಸಿಟ್ಟು ಬಂದದ್ದು ಕಂಡಿತು. ಏನೋ ಹೇಳಲು ಹೊರಟು ಲೋಟದ ಕಡೆ ನೋಡಿದರು. ಇಷ್ಟು ಹೊತ್ತಿಗೆ ಅದರ ತಳದಲ್ಲಿ ಬೆರಳಗಲ ಕಪ್ಪು ಮಣ್ಣು ಕೂತಿತ್ತು. ಅದನ್ನು ಜಗುಲಿಯ ಮೇಲೆ ಇಟ್ಟು ಒಳಗೆ ಹೋದರು.

ಬರುವುದಿಲ್ಲ ಎಂದುಕೊಂಡೆ. ಇವರೂ ಹೋಗೋಣವೇ ಎಂಬಂತೆ ನೋಡಿದರು. ಅಕ್ಕ ಗೇಟಿಗೆ ಬೆನ್ನು ಕೊಟ್ಟು ಕೂತೇಬಿಟ್ಟರು.

ಬಂದರು. ಪ್ಯಾಂಟನ್ನು ಮೊಣಕಾಲವರೆಗೆ ಮಡಿಸಿಕೊಂಡು, ಬರಿಗಾಲಲ್ಲಿ.